ಹುಡುಗಿ ಫೋಟೋ ತೆಗೆಸುವ ಮುನ್ನ

ಮಗಳಿಗೆ ಗಂಡು ನೋಡಲು ಶುರು ಮಾಡಿದಾಗ ಮೊದಲು ಕೇಳುವುದು ಜಾತಕ, ಅದರ ಹಿಂದೆಯೇ ಫೋಟೋ. ನಾವೂ ಒಂದು ಒಳ್ಳೇ ದಿನ ನೋಡಿ, ಅವಳಿಗೆ ರೇಷ್ಮೆ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ ಪೇಟೆಯ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದೆವು. ಎರಡು ನಿಮಿಷದ ಕೆಲಸ. ಎದುರಿಗೇ ಫ್ಲಾಷ್ ಹೊಡೆದರು, ಮರುದಿನ ಬನ್ನಿ ಎಂದರು.

ಫೋಟೋ ಕೈಗೆ ಬಂದಾಗ ನನಗೇ ಗುರುತು ಸಿಗಲಿಲ್ಲ. ನಮ್ಮ ಹುಡುಗಿಯದು ಎಣ್ಣೆಗೆಂಪು ಬಣ್ಣ. ಫೋಟೋದಲ್ಲಿದ್ದವಳು ಹಾಲಿನ ಕೆನೆ! ಎಡಗೆನ್ನೆಯ ಮಚ್ಚೆಯನ್ನು ಕಂಪ್ಯೂಟರಿನಲ್ಲಿ ಅಳಿಸಿಬಿಟ್ಟಿದ್ದರು. ಪಕ್ಕದ ಮನೆಯವರು "ಎಷ್ಟು ಚೆನ್ನಾಗಿ ಬಂದಿದೆ" ಅಂದರು. ಮಗಳು ಮಾತ್ರ, "ಅಮ್ಮಾ, ನೋಡೋಕೆ ಬಂದೋರು ಫೋಟೋದಲ್ಲಿದ್ದ ಹುಡುಗಿ ಎಲ್ಲಿ ಅಂತ ಕೇಳಿದ್ರೆ ಏನ್ ಹೇಳ್ತೀಯಾ?" ಅಂದಳು. ಆ ಮಾತು ನನ್ನನ್ನು ಚುಚ್ಚಿತು.

ನನ್ನ ಸೋದರಮಾವ ನಲವತ್ತು ವರ್ಷ ಸ್ಟುಡಿಯೋ ನಡೆಸಿ ಈಗ ಬಾಗಿಲು ಹಾಕಿದ್ದಾರೆ. ಅವರ ಮುಂದೆ ಫೋಟೋ ಇಟ್ಟೆ. ಕನ್ನಡಕ ಏರಿಸಿ ನೋಡಿ, "ಹುಡುಗಿ ಬಣ್ಣದ ತಪ್ಪಲ್ಲ ಕಣೇ, ದೀಪ ಇಟ್ಟ ಜಾಗದ ತಪ್ಪು" ಅಂದರು. ಅವತ್ತು ಅವರು ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದೀಪ ಕ್ಯಾಮೆರಾದ ಪಕ್ಕದಲ್ಲೇ ಇದ್ದು ನೆಟ್ಟಗೆ ಮುಖಕ್ಕೆ ಹೊಡೆದರೆ ನೆರಳೇ ಬೀಳುವುದಿಲ್ಲ. ನೆರಳಿಲ್ಲದೆ ಮೂಗಿನ ಏರು, ಕೆನ್ನೆಯ ದುಂಡು ಹೇಗೆ ಕಾಣಬೇಕು? ಮುಖ ಕಾವಲಿಯ ಮೇಲಿನ ದೋಸೆಯ ಹಾಗೆ ಚಪ್ಪಟೆ. ಅದಕ್ಕೇ ಮುಖ್ಯ ದೀಪವನ್ನು ಕ್ಯಾಮೆರಾದಿಂದ ಸುಮಾರು 45 ಡಿಗ್ರಿ ಪಕ್ಕಕ್ಕೆ ಸರಿಸಿ, ಕಣ್ಣಿಗಿಂತ ಸ್ವಲ್ಪ ಮೇಲೆ ಇಡಬೇಕು. ಹಾಗಿಟ್ಟು ಹೊಂದಿಸಿಕೊಂಡರೆ ಮೂಗಿನ ನೆರಳು ಕೆನ್ನೆಯ ನೆರಳಿಗೆ ಸೇರಿ, ಆಚೆ ಕಣ್ಣಿನ ಕೆಳಗೆ ಬೆಳಕಿನ ಒಂದು ಸಣ್ಣ ತ್ರಿಕೋನ ಉಳಿಯುತ್ತದೆ. ಫೋಟೋದವರು ಇದನ್ನು ರೆಂಬ್ರಾಂಟ್ ಬೆಳಕು ಎನ್ನುತ್ತಾರೆ. ಆತ 1606ರಿಂದ 1669ರವರೆಗೆ ಬದುಕಿದ್ದ ಹಾಲೆಂಡಿನ ಚಿತ್ರಕಾರ. ಮುಖಗಳನ್ನು ಇಂಥ ಬೆಳಕಲ್ಲಿ ಬರೆದವನು. ದೀಪವನ್ನು ತೀರಾ ಮೇಲೇರಿಸಿದರೆ ಕಣ್ಣು ಗುಳಿಬಿದ್ದ ಹಾಗೆ ಕಾಣುತ್ತದೆ. ಕಣ್ಣುಗುಡ್ಡೆಯಲ್ಲಿ ಬೆಳಕಿನ ಚುಕ್ಕಿ ಕಾಣುತ್ತಿದೆಯೇ ನೋಡಿ. ಅದಿಲ್ಲದಿದ್ದರೆ ಮುಖಕ್ಕೆ ಕಳೆಯಿಲ್ಲ.

ಇನ್ನು ನೆರಳಿನ ಕಡೆ ತೀರಾ ಕಪ್ಪಾಗದಂತೆ ಅಲ್ಲಿಗೆ ಮಂದವಾದ ಎರಡನೇ ದೀಪ, ಇಲ್ಲವೇ ಒಂದು ಬಿಳಿ ಹಲಗೆ ಇಟ್ಟರೂ ಆಯಿತು. ಬರೀ ಬಲ್ಬಿನ ಬೆಳಕು ಕಟುವಾಗಿರುತ್ತದೆ. ಅದನ್ನೇ ಬಿಳಿ ಕೊಡೆಗೋ ಬಟ್ಟೆಗೋ ಬಡಿಸಿ ತಿರುಗಿಸಿದರೆ ಬೆಳಕು ಬರುವ ಜಾಗ ದೊಡ್ಡದಾಗಿ ನೆರಳಿನ ಅಂಚು ಮೆತ್ತಗಾಗುತ್ತದೆ. ಸತ್ಯಜಿತ್ ರಾಯ್ ಅವರ 1956ರ 'ಅಪರಾಜಿತೋ' ಚಿತ್ರದಲ್ಲಿ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದ್ದರು. ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿಸಿ, ದೀಪಗಳನ್ನು ಅದಕ್ಕೆ ಹಾಯಿಸಿ ಹಗಲಿನ ಬೆಳಕನ್ನೇ ತಂದರು. ಮಾವ ಇದನ್ನು ಹೇಳುವಾಗ ಸ್ವಂತ ಅಣ್ಣನ ಸಾಹಸ ಹೇಳಿದಷ್ಟು ಉತ್ಸಾಹ!

ಕಪ್ಪು ಬಣ್ಣದವರಿಗೆ ಬೆಳಕು ಹೆಚ್ಚು ಸುರಿಯಬೇಕು ಅಂತ ನಾನೂ ನಂಬಿದ್ದೆ. ಹಾಗಲ್ಲವಂತೆ. ಕಪ್ಪು ಚರ್ಮದ ಚೆಲುವು ಅದರ ಮೇಲೆ ಜಾರುವ ಹೊಳಪಿನಲ್ಲಿದೆ. ಪಕ್ಕದಿಂದ ಬರುವ ಅಗಲವಾದ, ಮೆತ್ತನೆಯ ಬೆಳಕು ಆ ಹೊಳಪನ್ನು ಎತ್ತಿ ತೋರಿಸುತ್ತದೆ. ಹಿಂದಿನ ಪರದೆ ಅಚ್ಚ ಬಿಳಿಯಾದರೆ ಕ್ಯಾಮೆರಾ ತಾನಾಗಿ ಬೆಳಕು ತಗ್ಗಿಸಿ ಮುಖ ಇನ್ನೂ ಕಪ್ಪಾಗಬಹುದು. ಅಚ್ಚ ಕಪ್ಪಾದರೆ ಜಡೆ ಅದರಲ್ಲೇ ಕರಗಿಹೋಗುತ್ತದೆ. ಬೂದು, ತಿಳಿಕಂದು ವಾಸಿ. ನೋಡಿ, ಹಿಂದೆ ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸಲು ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದಕ್ಕೆ 'ಷರ್ಲಿ ಕಾರ್ಡ್' ಎಂದು ಹೆಸರು. ಅದರಲ್ಲಿದ್ದವಳು ಬಿಳಿಯ ಹೆಂಗಸು. ಬೇರೆ ಬೇರೆ ಮೈಬಣ್ಣದವರು ಒಟ್ಟಿಗಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಅಷ್ಟು ದಿನ ನಮ್ಮಂಥವರ ಫೋಟೋಗಳಿಗೂ ಅವಳೇ ಅಳತೆಗೋಲು!

ಆಮೇಲೆ ನಾವು ಮನೆಯಲ್ಲೇ ತೆಗೆದೆವು. ಬಿಸಿಲು ನೇರ ಬೀಳದ ಕಿಟಕಿ ಬೇಕು. ನಮ್ಮಲ್ಲಿ ಅದು ನಡುಮನೆಯ ಉತ್ತರದ ಕಿಟಕಿ. ಅದರಿಂದ ಸುಮಾರು ಮೂರಡಿ ದೂರ, ಕಿಟಕಿ ಓರೆಯಾಗಿ ಎಡಕ್ಕಿರುವಂತೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆವು. ಬಲಗಡೆ ಎರಡು ಕುರ್ಚಿಗಳ ಮೇಲೆ ಬಿಳಿ ಹೊದಿಕೆ ಹರಡಿದೆ. ಹೊದಿಕೆ ಹತ್ತಿರ ಸರಿಸಿದರೆ ನೆರಳು ತಿಳಿಯಾಗುತ್ತದೆ, ದೂರ ಸರಿಸಿದರೆ ಗಾಢ. ಟ್ಯೂಬ್‌ಲೈಟ್ ಆರಿಸಿದೆ, ಎರಡು ಬಗೆಯ ಬೆಳಕು ಸೇರಿದರೆ ಮುಖದ ಒಂದು ಕಡೆ ಬೇರೆ ಬಣ್ಣಕ್ಕೆ ತಿರುಗುತ್ತದೆ. ಹಣೆ, ಮೂಗಿನ ಜಿಡ್ಡನ್ನು ಒರೆಸಿ ತೆಳ್ಳಗೆ ಪೌಡರ್ ಹಾಕಿದೆ. ಅಗಲ ಜರಿಯ ಸೀರೆ ಬೇಡ ಎಂದರು ಮಾವ, ನೋಡುವವರ ಕಣ್ಣು ಸೆರಗಿಗೇ ಹೋಗುತ್ತದಂತೆ. ಕನ್ನಡಕದವರು ಗದ್ದ ಸ್ವಲ್ಪ ತಗ್ಗಿಸಿದರೆ ಗಾಜಿನ ಹೊಳಪು ತಪ್ಪುತ್ತದೆ. ದುಂಡು ಮುಖದವರು ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿ, ಕ್ಯಾಮೆರಾದ ಕಡೆಗಿರುವ ಕೆನ್ನೆ ನೆರಳಿನಲ್ಲಿರುವಂತೆ ಕೂತರೆ ಮುಖ ನೀಳವಾಗಿ ಕಾಣುತ್ತದೆ. ಬಡಕಲು ಮುಖಕ್ಕೆ ಇದರ ಉಲ್ಟಾ.

ಪಾಸ್‌ಪೋರ್ಟ್ ಫೋಟೋಗೆ ಮಾತ್ರ ಈ ಯಾವ ವಿದ್ಯೆಯೂ ನಡೆಯದು. ಅಲ್ಲಿ ನೆರಳೇ ಇರಬಾರದು. ಸ್ಟುಡಿಯೋಗೇ ಹೋಗುವವರು, "ಬಣ್ಣ ತಿದ್ದಬೇಡಿ, ಮಚ್ಚೆ ತೆಗೆಯಬೇಡಿ" ಎಂದು ಮೊದಲೇ ಹೇಳಿಬಿಡಿ.

ಮಚ್ಚೆ ಇರುವ ಫೋಟೋವನ್ನೇ ಮೂರು ಕಡೆಗೆ ಕಳಿಸಿದೆವು. ಒಂದು ಮನೆಯಿಂದ "ಹುಡುಗಿ ಬಣ್ಣ ಸ್ವಲ್ಪ ಕಡಿಮೆಯಾಯ್ತು" ಎಂದು ಉತ್ತರ ಬಂತು. ನಮ್ಮ ಮನೆಯವರು ಮುಖ ಸಣ್ಣಗೆ ಮಾಡಿಕೊಂಡರು. "ಬಂದು, ತಿಂದು ಹೋಗಿ ಹೇಳೋದಕ್ಕಿಂತ ಮೊದಲೇ ಹೇಳಿದ್ರಲ್ಲ, ಕೇಸರಿಬಾತಿನ ತುಪ್ಪ ಉಳೀತು ಬಿಡಿ" ಅಂದೆ ನಾನು. ಇನ್ನೊಂದು ಮನೆಯವರು ಈ ಭಾನುವಾರ ಬರುತ್ತಿದ್ದಾರೆ.