ಹುಡುಕುವುದಕ್ಕೆ ಎಷ್ಟು ಮಾತು?

‘ಸರ್ಚ್’ ಎಂಬ ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನ ‘ಸಿರ್ಕಾರೆ’. ಸುತ್ತು ಬರುವುದು ಎಂದು ಅದರ ಅರ್ಥ. ಹಳೆಯ ಫ್ರೆಂಚ್ ಮೂಲಕ ಅದು ಇಂಗ್ಲಿಷಿಗೆ ಬಂತು. ‘ಸರ್ಕಲ್’, ‘ಸರ್ಕಸ್’ ಕೂಡ ಅದೇ ಬಳಗದವು. ಕಳೆದ ಬೀಗದ ಕೈ, ಬಾಡಿಗೆ ಮನೆ, ಪೊಲೀಸ್ ತಪಾಸಣೆ, ಮೊಬೈಲ್ ಪರದೆ ಎಲ್ಲಕ್ಕೂ ಇಂಗ್ಲಿಷಿನಲ್ಲಿ ಆ ಒಂದೇ ಪದ ಸಲ್ಲುತ್ತದೆ. ಕನ್ನಡದಲ್ಲಿ ಮಾತ್ರ ಹುಡುಕುವ ಬಗೆ ಬದಲಾದರೆ ಪದವೂ ಬದಲಾಗುತ್ತದೆ.

ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದಲ್ಲಿ ಗೇಟಿಗೆ ಕಟ್ಟಿದ ‘ಟು ಲೆಟ್’ ಬೋರ್ಡು ಕಂಡು ಬಂದವರು ‘ಮನೆ ನೋಡ್ತಾ ಇದೀವಿ’ ಎನ್ನುತ್ತಾರೆ. ಮನೆಯಾಗಲಿ, ಹೆಣ್ಣಾಗಲಿ, ಗಂಡಾಗಲಿ, ಆರಿಸಿಕೊಳ್ಳಬೇಕಾದದ್ದಕ್ಕೆ ‘ನೋಡು’ ಸಾಕು. ಕಳೆದದ್ದನ್ನು ‘ಹುಡುಕ’ಬೇಕು. ಕರೆಂಟು ಹೋದಾಗ ಬೆಂಕಿಪೊಟ್ಟಣಕ್ಕೆ ಕೈ ‘ತಡಕಾಡು’ತ್ತದೆ. ಓಡಾಟ, ಅಲೆದಾಟಗಳಲ್ಲಿರುವ ‘ಆಟ’ವೇ ‘ಹುಡುಕಾಟ’ದಲ್ಲೂ ಇದೆ; ಒಮ್ಮೆಗೆ ಮುಗಿಯದ, ಮತ್ತೆ ಮತ್ತೆ ನಡೆಯುವ ಕೆಲಸವನ್ನು ಅದು ಸೂಚಿಸುತ್ತದೆ. ಹುಡುಕಿದ್ದು ಸಿಕ್ಕಿದರೆ ‘ಪತ್ತೆ’ಯಾಯಿತು ಎನ್ನುತ್ತಾರೆ. ಬರಹದಲ್ಲಿ ‘ಅರಸು’ ಇನ್ನೂ ಬದುಕಿದೆ: ಕೆಲಸ ಅರಸಿ ಊರು ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

‘ಮನೆ ಹುಡುಕಿದರು’ ಎಂದರೆ ಅವರಿಗೆ ಮನೆ ಬೇಕಾಗಿತ್ತು. ‘ಮನೆ ಶೋಧಿಸಿದರು’ ಎಂದರೆ ಮನೆಯೊಳಗಿನ ಏನೋ ಬೇಕಾಗಿತ್ತು. ‘ಜಾಲಾಡು’ ಎಂಬುದು ಇನ್ನೂ ಬಿಗಿ. ಅಕ್ಕಿಯನ್ನು ನೀರಿನಲ್ಲಿ ಆಡಿಸಿ, ಕಲ್ಲು ತಳದಲ್ಲಿ ಉಳಿಯುವಂತೆ ಮಾಡುವುದಕ್ಕೆ ಅಡುಗೆಮನೆಯ ಮಾತು ‘ಜಾಲಿಸು’. ಇಡೀ ಮನೆ ಜಾಲಾಡಿದರು ಎನ್ನುವಾಗಲೂ ಯಾವ ಮೂಲೆಯನ್ನೂ ಬಿಡಲಿಲ್ಲ ಎಂಬ ಭಾವವಿದೆ. ಕಾನೂನಿನ ಶೋಧಕ್ಕೆ ಕಟ್ಟುಪಾಡುಗಳುಂಟು. ಪಂಚರ ಸಮ್ಮುಖದಲ್ಲಿ ಮಹಜರು ಬರೆಯುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧ ಮತ್ತು ಜಪ್ತಿಯ ಧ್ವನಿ-ದೃಶ್ಯ ದಾಖಲೆಯೂ ಆಗಬೇಕು.

ಸಂಸ್ಕೃತದಿಂದ ಬಂದ ಪದಗಳಲ್ಲಿ ಒಂದೊಂದಕ್ಕೂ ಒಂದೊಂದು ಚಿತ್ರವಿದೆ. ‘ಅನು’ ಎಂದರೆ ಹಿಂದೆ, ‘ಏಷಣ’ ಎಂದರೆ ಬಯಸಿ ಅರಸುವುದು. ಬೆನ್ನುಹತ್ತಿ ಹೋಗುವುದು ಅನ್ವೇಷಣೆ. ಎಸ್.ಎಲ್. ಭೈರಪ್ಪನವರ 1976ರ ಕಾದಂಬರಿಯ ಹೆಸರು ‘ಅನ್ವೇಷಣ’. ‘ಗವೇಷಣೆ’ ಮೊದಲಿಗೆ ಹಸುಗಳನ್ನು ಹುಡುಕುವುದಾಗಿತ್ತು, ಬರಬರುತ್ತಾ ಯಾವುದೇ ಹುಡುಕಾಟಕ್ಕೂ ಹೆಸರಾಯಿತು. ‘ಶೋಧ’ದ ಧಾತು ‘ಶುಧ್’. ಶುದ್ಧವಾಗುವುದು ಅದರ ಅರ್ಥ. ಹೀಗಾಗಿ ಬಟ್ಟೆಯಲ್ಲಿ ಕಷಾಯ ಸೋಸುವುದೂ ಶೋಧಿಸುವುದೇ, ಕಳ್ಳಮಾಲು ಹುಡುಕುವುದೂ ಶೋಧಿಸುವುದೇ.

ಈ ಎರಡು ಅರ್ಥಗಳೂ ಕೂಡಿರುವುದು ‘ಸಂಶೋಧನೆ’ಯಲ್ಲಿ. ಇಂಗ್ಲಿಷಿನ ‘ರೀಸರ್ಚ್’ ಸುತ್ತಾಟದಿಂದ ಬಂದ ಪದವಾದರೆ, ಕನ್ನಡದ ಪದ ಸೋಸುವಿಕೆಯಿಂದ ಬಂದದ್ದು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಮನೆಮನೆ, ಮಠಮಠ ಅಲೆದು ವಚನಗಳ ತಾಳೆಗರಿ ಕಟ್ಟುಗಳನ್ನು ಕೂಡಿಹಾಕಿದರು. ಓಲೆಯ ಮೇಲಿನ ಬರಹವನ್ನು ಓದಿ, ಪಾಠ ಸಿದ್ಧಪಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು. ಕಟ್ಟು ಸಿಕ್ಕಿದಾಗ ಮುಗಿದದ್ದು ಹುಡುಕಾಟ. ಅದರಲ್ಲಿದ್ದ ವಚನ ಓದುಗರ ಕೈಗೆ ತಿಳಿಯಾಗಿ ಬಂದಾಗ ಸಂಶೋಧನೆ ಪೂರ್ತಿಯಾಯಿತು.