ಕಾರ್ಡ್ ಇದೆ, ಪಟ್ಟಿಯಲ್ಲಿ ಹೆಸರಿದೆಯೇ?



ಚುನಾವಣೆಯ ದಿನ ಮತಗಟ್ಟೆಗಳ ಮುಂದೆ ಒಂದು ಮಾತು ಪ್ರತಿ ಸಲವೂ ಕೇಳಿಬರುತ್ತದೆ. "ಕಾರ್ಡ್ ಅದ, ಹೋದ ಸಲ ವೋಟ್ ಹಾಕೀನಿ, ಈಗ ಹೆಸರಿಲ್ಲ ಅಂತಾರ. ಹ್ಯಾಂಗ್ರೀ ಇದು?" ಬಿಸಿಲಲ್ಲಿ ಸಾಲು ನಿಂತು, ಒಂದು ದಿನದ ಕೂಲಿ ಬಿಟ್ಟು ಬಂದವರು ಹೀಗೆ ಹಿಂದಿರುಗುವುದನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ಗುರುತಿನ ಚೀಟಿ ನಾವು ಯಾರೆಂಬುದನ್ನು ತೋರಿಸುತ್ತದೆ, ಅಷ್ಟೇ. ಮತ ಹಾಕಲು ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಅದು ಇಲ್ಲದಿದ್ದರೆ ಅಂದು ಅಲ್ಲಿ ಯಾವ ಅಧಿಕಾರಿಯೂ ಏನೂ ಮಾಡಲಾರರು. ಹೆಸರು ಇದೆಯೋ ಇಲ್ಲವೋ ಎಂದು ಮೊದಲೇ ನೋಡಿಕೊಳ್ಳುವ ದಾರಿ ಈಗ ಮನೆಮನೆಯ ಮೊಬೈಲಿನಲ್ಲೇ ಇದೆ. ಅದನ್ನು ಬಳಸುವುದು ಹೇಗೆ, ಎಲ್ಲಿ ಎಚ್ಚರಿಕೆ ಬೇಕು ಎಂಬುದನ್ನು ತಿಳಿಸಲು ಈ ಲೇಖನ.

ನಮ್ಮ ಭಾಗದಲ್ಲಿ ಮೊದಲ ಗೊಂದಲ ಕ್ಷೇತ್ರದ್ದೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಒಂದೇ ಜಿಲ್ಲೆಯ ಅಕ್ಕಪಕ್ಕದ ಊರುಗಳು. ಒಂದೂರಿನವರು ಇನ್ನೊಂದೂರಿನ ಹಬ್ಬಕ್ಕೆ ಹೋಗಿಬರುವವರು. ಮತದ ಲೆಕ್ಕದಲ್ಲಿ ಮಾತ್ರ ಈ ಐದೂರುಗಳು ನಾಲ್ಕು ವಿಧಾನಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ. ವಾಡಿ ಚಿತ್ತಾಪುರ ಕ್ಷೇತ್ರದಲ್ಲಿದೆ. ಶಹಾಬಾದ್ ಹಿಂದೆ ಸ್ವಂತ ಹೆಸರಿನ ಕ್ಷೇತ್ರವಾಗಿತ್ತು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅದು ಇಲ್ಲವಾಗಿ ಊರು ಗುಲ್ಬರ್ಗಾ ಗ್ರಾಮೀಣ ಕ್ಷೇತ್ರಕ್ಕೆ ಸೇರಿತು. ಆಮೇಲೆ ಶಹಾಬಾದ್ ತಾಲ್ಲೂಕು ಕೇಂದ್ರವಾದರೂ ಕ್ಷೇತ್ರ ಮರಳಿ ಬರಲಿಲ್ಲ. ಲೋಕಸಭೆಗೆ ಬಂದರೆ ಚಿಂಚೋಳಿಯವರು ಕಲಬುರಗಿ ಜಿಲ್ಲೆಯವರಾಗಿದ್ದರೂ ಬೀದರ್ ಕ್ಷೇತ್ರಕ್ಕೆ ಮತ ಹಾಕುತ್ತಾರೆ. ಉಳಿದ ನಾಲ್ಕೂರಿನವರು ಗುಲ್ಬರ್ಗಾ ಕ್ಷೇತ್ರಕ್ಕೆ. ಆದ್ದರಿಂದ ಜಾಲತಾಣದಲ್ಲಿ ತಾಲ್ಲೂಕಿನ ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುವುದು ಸಹಜ.

ಹುಡುಕಬೇಕಾದದ್ದು ಭಾರತ ಚುನಾವಣಾ ಆಯೋಗದ ಸ್ವಂತ ತಾಣದಲ್ಲಿ. ಅದರ ವಿಳಾಸ ವೋಟರ್ಸ್ ಡಾಟ್ ಇಸಿಐ ಡಾಟ್ ಜಿಒವಿ ಡಾಟ್ ಇನ್. ವಿಳಾಸದ ಕೊನೆಯಲ್ಲಿ 'ಜಿಒವಿ ಡಾಟ್ ಇನ್' ಇದೆಯೇ ಎಂದು ಮೊದಲು ನೋಡಿರಿ. ಅದಿಲ್ಲದ ತಾಣ ಎಷ್ಟೇ ಅಂದವಾಗಿ ಕಂಡರೂ ನಿಮ್ಮ ವಿವರ ಕೊಡಬೇಡಿರಿ. ಆಯೋಗವು ತನ್ನ ನಲವತ್ತಕ್ಕೂ ಹೆಚ್ಚು ಆ್ಯಪ್ ಮತ್ತು ತಾಣಗಳನ್ನು 'ಇಸಿಐನೆಟ್' ಎಂಬ ಒಂದೇ ವೇದಿಕೆಗೆ ತರುವುದಾಗಿ 2025ರಲ್ಲಿ ಪ್ರಕಟಿಸಿತು. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ತಾಣದಲ್ಲಿ ಪ್ರತಿ ಮತಗಟ್ಟೆಯ ಇಡೀ ಪಟ್ಟಿಯನ್ನು ಕನ್ನಡದಲ್ಲೇ ತೆರೆದು ಓದಬಹುದು. ಇಂಟರ್‌ನೆಟ್ ಇಲ್ಲದವರು 1950 ಸಂಖ್ಯೆಗೆ ಫೋನ್ ಮಾಡಬಹುದು. ಚುನಾವಣಾ ಆಯೋಗ ಸ್ಥಾಪನೆಯಾದ ವರ್ಷವೂ ಅದೇ, ನೆನಪಿಡಲು ಸುಲಭ.

ಹೆಸರು ಹುಡುಕಲು ಮೂರು ದಾರಿಗಳಿವೆ: ಗುರುತಿನ ಚೀಟಿಯ ಸಂಖ್ಯೆ, ಹೆಸರು ಮತ್ತು ವಯಸ್ಸಿನ ವಿವರ, ಅಥವಾ ನೋಂದಾಯಿಸಿದ ಮೊಬೈಲ್ ಸಂಖ್ಯೆ. ನಮ್ಮವರಿಗೆ ನನ್ನ ಸಲಹೆ ಮೊದಲನೆಯದೇ. ಕಾರಣ ನಮ್ಮ ಹೆಸರುಗಳು! ಅಂತೋಣಿ, ಆಂಥೋನಿ, ಅಂತೋಣಪ್ಪ. ಲೂರ್ದಮ್ಮ, ಲೂರ್ದುಮೇರಿ, ಲೂರ್ಡ್ಸ್‌ಮೇರಿ. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಪಟ್ಟಿ ಬರೆದುಕೊಂಡವರ ಕಿವಿಗೆ ಕೇಳಿದ್ದು ಮತ್ತೊಂದು. ಹೆಸರಿನಿಂದ ಹುಡುಕಿ "ಸಿಗಲಿಲ್ಲ" ಎಂದು ಬಂದ ಮಾತ್ರಕ್ಕೆ ಅಳಿಸಿಹೋಗಿದೆ ಎಂದು ಗಾಬರಿಯಾಗಬೇಕಿಲ್ಲ. ಚೀಟಿಯ ಮೇಲಿನ ಹತ್ತು ಅಕ್ಷರ-ಅಂಕಿಗಳನ್ನು ಒತ್ತಿ ಮತ್ತೊಮ್ಮೆ ನೋಡಿರಿ. ಹೆಸರು ಸಿಕ್ಕರೆ ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಮತ್ತು ಮತಗಟ್ಟೆಯ ಹೆಸರು ಕಾಣುತ್ತವೆ. ಇವನ್ನು ಒಂದು ಕಾಗದದ ಮೇಲೆ ಬರೆದಿಡಿರಿ. ಕಳೆದ ಬಾರಿ ಮತ ಹಾಕಿದ ಶಾಲೆಯೇ ಈ ಬಾರಿಯೂ ಎಂದು ನಂಬಿ ಕೂರಬೇಡಿರಿ. ಒಂದು ಮತಗಟ್ಟೆಗೆ 1,500 ಮತದಾರರು ಎಂದಿದ್ದ ಮಿತಿಯನ್ನು ಆಯೋಗ 2025ರಲ್ಲಿ 1,200ಕ್ಕೆ ಇಳಿಸಿದೆ. ಆದ್ದರಿಂದ ಮತಗಟ್ಟೆಗಳು ಒಡೆದು ಬೇರೆ ಕೋಣೆಗೆ, ಬೇರೆ ಕಟ್ಟಡಕ್ಕೆ ಹೋಗಬಹುದು.

ಈಗ ಹೆಚ್ಚು ಗಂಭೀರವಾದ ವಿಷಯಕ್ಕೆ ಬರೋಣ. ಪಟ್ಟಿಯಿಂದ ಹೆಸರು ಹೋಗುವುದು ಹೇಗೆ?

ದೂರ ಹೋಗಬೇಕಿಲ್ಲ, ನಮ್ಮ ಜಿಲ್ಲೆಯ ಆಳಂದದಲ್ಲಿ ನಡೆದದ್ದನ್ನೇ ನೋಡೋಣ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆ ಕ್ಷೇತ್ರದಲ್ಲಿ ಹೆಸರು ತೆಗೆದುಹಾಕಬೇಕೆಂದು ಕೋರುವ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ನಮೂನೆ 7 ಎಂಬುದು ಅದರ ಹೆಸರು. ಅನುಮಾನ ಬಂದು ಸ್ಥಳ ಪರಿಶೀಲನೆ ಮಾಡಿದಾಗ ಅವುಗಳಲ್ಲಿ ಸರಿಯಾದವು ಕೇವಲ 24. ಉಳಿದ 5,994 ತಿರಸ್ಕೃತವಾದವು. ಅದೇ ವರ್ಷ ಫೆಬ್ರವರಿಯಲ್ಲಿ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು. 2025ರಲ್ಲಿ ಈ ವಿಷಯ ದೇಶವ್ಯಾಪಿ ಚರ್ಚೆಯಾಯಿತು. ರಾಜಕೀಯ ವಾದವಿವಾದ ಈ ಪುಟಕ್ಕೆ ಸೇರಿದ್ದಲ್ಲ. ನಾವು ಗಮನಿಸಬೇಕಾದದ್ದು ಇಷ್ಟು: ಮನೆಯಲ್ಲೇ ಕುಳಿತು ಹೆಸರು ಸೇರಿಸಲು ಅನುಕೂಲವಾದ ಅದೇ ವ್ಯವಸ್ಥೆಯಲ್ಲಿ ಬೇರೆಯವರ ಹೆಸರು ತೆಗೆಸುವ ಅರ್ಜಿಯನ್ನೂ ಕಳುಹಿಸಬಹುದಾಗಿತ್ತು. ಅದು ನಿಂತದ್ದು ಊರಿನ ಜನರನ್ನು ಬಲ್ಲವರು ಮನೆಗಳಿಗೆ ಹೋಗಿ ವಿಚಾರಿಸಿದ್ದರಿಂದ. 2025ರ ಸೆಪ್ಟೆಂಬರಿನಲ್ಲಿ ಆಯೋಗ ಆನ್‌ಲೈನ್ ಅರ್ಜಿಗಳಿಗೆ ಆಧಾರ್ ಆಧಾರಿತ ಇ-ಸಹಿಯನ್ನು ಜಾರಿಗೆ ತಂದಿತು. ಅಂದರೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಈಗ ನಿಮ್ಮ ಸಹಿಗೆ ಸಮ. "ವೋಟರ್ ಲಿಸ್ಟಿನವರು, ಒಟಿಪಿ ಹೇಳಿ" ಎಂದು ಯಾರೇ ಫೋನ್ ಮಾಡಿದರೂ ಹೇಳಬೇಡಿರಿ.

ದೊಡ್ಡ ಸಂಖ್ಯೆಯಲ್ಲಿ ಹೆಸರು ಬಿಟ್ಟುಹೋದರೆ ಜನರಿಗೆ ಅದು ಹೇಗೆ ತಿಳಿಯಬೇಕು ಎಂಬ ಪ್ರಶ್ನೆ ಬಿಹಾರದಲ್ಲಿಯೂ ಎದ್ದಿತು. ಅಲ್ಲಿನ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದಾಗ, ಅವನ್ನು ಕಾರಣ ಸಹಿತ ಜಾಲತಾಣದಲ್ಲಿ, ಚೀಟಿ ಸಂಖ್ಯೆಯಿಂದ ಹುಡುಕುವಂತೆ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ 14 ಆಗಸ್ಟ್ 2025ರಂದು ಆದೇಶಿಸಿತು. ಪಂಚಾಯತ್ ಕಚೇರಿಗಳಲ್ಲಿಯೂ ಅಂಟಿಸಬೇಕೆಂದಿತು. ನನಗೆ ಈ ಎರಡನೆಯ ಭಾಗವೇ ಹೆಚ್ಚು ಹಿಡಿಸಿತು. ಮೊಬೈಲ್ ಇಲ್ಲದವರೂ ಮತದಾರರೇ ಅಲ್ಲವೇ?

ನಮ್ಮಲ್ಲಿ ಹೆಸರು ಹೋಗುವ ಸಾಮಾನ್ಯ ಕಾರಣ ವಲಸೆ. ಸುಗ್ಗಿ ಮುಗಿದೊಡನೆ ಚಿಂಚೋಳಿ, ಚಿತ್ತಾಪುರದ ಹಳ್ಳಿ-ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಕೆಲಸಕ್ಕೆ ಹೋಗುವವರ ಮನೆಗೆ ಬೀಗ. ವಿಚಾರಣೆಗೆ ಬಂದವರಿಗೆ ಪಕ್ಕದ ಮನೆಯವರು "ಅವರು ಊರು ಬಿಟ್ಟಾರ" ಎಂದುಬಿಟ್ಟರೆ ಪಟ್ಟಿಯಲ್ಲಿ 'ಸ್ಥಳಾಂತರ' ಎಂದಾಗುತ್ತದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುವುದು ಬೇರೆ: ತಾತ್ಕಾಲಿಕವಾಗಿ ಊರಿನಿಂದ ದೂರವಿದ್ದ ಮಾತ್ರಕ್ಕೆ ಯಾರೂ ಆ ಊರಿನ ನಿವಾಸಿ ಅಲ್ಲವೆಂದಾಗುವುದಿಲ್ಲ. ಆದ್ದರಿಂದ ನೆರೆಯವರೇ, "ಕೆಲಸಕ್ಕೆ ಹೋಗ್ಯಾರ, ಬರ್ತಾರ" ಎಂದು ಹೇಳಿರಿ. ಅದು ಸತ್ಯವೂ ಹೌದು.

ಕ್ರಿಸ್ತಜಯಂತಿಯಲ್ಲಿ ನಾವು ಕೇಳುವಂತೆ ಸಂತ ಜೋಸೆಫರು ಹೆಸರು ಬರೆಸಲು ಪೂರ್ವಜರ ಊರಿಗೆ ಹೋಗಬೇಕಾಯಿತು. ನಮ್ಮ ಕಾನೂನು ಹಾಗಲ್ಲ. ಸಾಮಾನ್ಯವಾಗಿ ವಾಸಿಸುವ ಊರಿನಲ್ಲಿಯೇ, ಒಂದೇ ಕಡೆ, ಹೆಸರಿರಬೇಕು. ವಾಡಿ, ಸೇಡಂನ ಸಿಮೆಂಟ್ ಕಾಲೋನಿಗಳಿಂದ ನಿವೃತ್ತರಾಗಿ ಅಥವಾ ವರ್ಗವಾಗಿ ಕಾಯಂ ಆಗಿ ಬೇರೆಡೆ ನೆಲೆಸಿದವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ನಮೂನೆ 8 ತುಂಬಿ ಹೆಸರು ವರ್ಗಾಯಿಸಿಕೊಳ್ಳಬೇಕು. ಆಗಾಗ ವರ್ಗಾವಣೆಯಾಗುವ ಗುರುಗಳೂ ಧಾರ್ಮಿಕ ಭಗಿನಿಯರೂ ಇದಕ್ಕೆ ಹೊರತಲ್ಲ. ಹೊಸಬರಿಗೆ ನಮೂನೆ 6. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದರಂದು ಹದಿನೆಂಟು ಆದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಯ ಪಟ್ಟಿಗೆ ಯಾವ ಹೆಸರೂ ಸೇರುವುದಿಲ್ಲ.

ವಾಟ್ಸಪ್ಪಿನ ಬಗ್ಗೆಯೂ ಹೇಳಲೇಬೇಕು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ 'ಚಾಲೆಂಜ್ ವೋಟ್' ಕೇಳಿ ಮತ ಹಾಕಬಹುದು ಎಂಬ ಸಂದೇಶ 2019ರಿಂದಲೂ ಚುನಾವಣೆ ಬಂದಾಗಲೆಲ್ಲ ಓಡಾಡುತ್ತದೆ. ಇದು ಸುಳ್ಳು. ಚಾಲೆಂಜ್ ಎಂದರೆ ಮತ ಹಾಕಲು ಬಂದವರ ಗುರುತನ್ನು ಏಜೆಂಟರು ಎರಡು ರೂಪಾಯಿ ಕಟ್ಟಿ ಪ್ರಶ್ನಿಸುವುದು. ಪಟ್ಟಿಯಲ್ಲಿ ನಿಮ್ಮ ಹೆಸರಿದ್ದು, ಬೇರೆಯವರು ಆಗಲೇ ಅದನ್ನು ಹಾಕಿಹೋಗಿದ್ದರೆ ಮಾತ್ರ 'ಟೆಂಡರ್ಡ್' ಮತಪತ್ರ ಕೇಳುವ ಹಕ್ಕು ನಿಮಗುಂಟು. ದಿನಾಂಕದ ಬಗ್ಗೆಯೂ ಎಚ್ಚರ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿಗೆ ಏಪ್ರಿಲ್ 26, ನಮಗೆ ಮೇ 7. ಬೆಂಗಳೂರಿನಲ್ಲಿರುವ ಮಗ ಕಳುಹಿಸಿದ ಸಂದೇಶ ಅವನ ಊರಿಗೆ ಸರಿ, ನಮ್ಮೂರಿಗೆ ಅಲ್ಲ. ಮನೆಗೆ ಬರುವ ಮತದಾರರ ಮಾಹಿತಿ ಚೀಟಿಯನ್ನೊಂದೇ ಹಿಡಿದು ಹೋಗುವುದೂ ಸಾಲದು. 2019ರಿಂದ ಅದನ್ನು ಗುರುತಿನ ದಾಖಲೆಯಾಗಿ ಒಪ್ಪುವುದಿಲ್ಲ. ಕಾರ್ಡ್ ಕಳೆದಿದ್ದರೆ ಆಧಾರ್, ಉದ್ಯೋಗ ಖಾತ್ರಿ ಕಾರ್ಡ್, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್ ಮುಂತಾದವು ನಡೆಯುತ್ತವೆ.

ಪುರಸಭೆ, ನಗರಸಭೆ, ಪಂಚಾಯತ್ ಚುನಾವಣೆಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದರ ತಾಣವೂ ವಾರ್ಡುವಾರು ಪಟ್ಟಿಯೂ ಬೇರೆ. ಆಗ ಇನ್ನೊಮ್ಮೆ ನೋಡಬೇಕು.

ಮನೆಯಲ್ಲಿ ಓದು ಬಲ್ಲ ಮಕ್ಕಳು ಒಂದು ಭಾನುವಾರ ಪೂಜೆಯ ನಂತರ ಅಜ್ಜಿ-ತಾತಂದಿರ ಚೀಟಿ ತೆಗೆದುಕೊಂಡು, ಪರದೆಯ ಓರೆಕೋರೆ ಅಕ್ಷರಗಳನ್ನು ತಾವೇ ಒತ್ತಿ, ಬಂದದ್ದನ್ನು ಗಟ್ಟಿಯಾಗಿ ಓದಿ ಹೇಳಲಿ. ಹೆಸರು ಸಿಗದಿದ್ದರೆ ಮತಗಟ್ಟೆ ಅಧಿಕಾರಿ, ಅಂದರೆ ಬಿಎಲ್‌ಒ ಅವರನ್ನು ಕಾಣಿರಿ. ಅವರು ಬಹುತೇಕ ನಿಮ್ಮ ಓಣಿಯ ಅಂಗನವಾಡಿ ಟೀಚರೋ ಶಾಲೆಯ ಮೇಷ್ಟ್ರೋ ಆಗಿರುತ್ತಾರೆ. 85 ದಾಟಿದವರಿಗೆ, ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ 2024ರ ಲೋಕಸಭಾ ಚುನಾವಣೆಯಲ್ಲಿ ಮನೆಯಿಂದಲೇ ಮತ ಹಾಕುವ ಅವಕಾಶವಿತ್ತು. ಅದಕ್ಕೆ ನಮೂನೆ 12ಡಿ ಬೇಕು. ಅಧಿಸೂಚನೆ ಹೊರಟ ಐದು ದಿನಗಳೊಳಗೆ ಅದು ಅಧಿಕಾರಿಗಳ ಕೈ ಸೇರಬೇಕು. ಹಾಗೆ ಒಪ್ಪಿಗೆ ಪಡೆದವರು ಮತ್ತೆ ಮತಗಟ್ಟೆಗೆ ಹೋಗಿ ಮತ ಹಾಕುವಂತಿಲ್ಲ. ಆದ್ದರಿಂದ ಅರ್ಜಿ ತುಂಬುವ ಮೊದಲು ಹಿರಿಯರನ್ನೇ ಒಂದು ಮಾತು ಕೇಳಿರಿ. ಕೋಲೂರಿಕೊಂಡಾದರೂ ಶಾಲೆಗೇ ಹೋಗಿ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವೆ ಎನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.