ಖಾಲಿ ಗ್ಯಾಲರಿಯ ಪ್ರಶ್ನೆ

ತವರಿನಲ್ಲಿ ಕಪ್ ಪಂದ್ಯ ನಡೆದರೂ ಗ್ಯಾಲರಿ ಖಾಲಿ ಉಳಿಯುವುದೇಕೆ? ಫುಟ್‌ಬಾಲ್ ಅಭಿಮಾನಿಗಳಲ್ಲಿ ಈ ಚರ್ಚೆ 2018ರಲ್ಲಿ ಕಾವೇರಿತು. ಆ ವರ್ಷ ಜೂನ್ 1ರಂದು ಮುಂಬೈನಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ಪಂದ್ಯದಲ್ಲಿ ಭಾರತ ಚೀನೀ ತೈಪೆಯನ್ನು 5–0ರಿಂದ ಮಣಿಸಿತು. ನಾಯಕ ಸುನಿಲ್ ಚೆಟ್ರಿ ಮೂರು ಗೋಲು ಹೊಡೆದರು. ಅದನ್ನು ಮೈದಾನದಲ್ಲಿ ಕುಳಿತು ಕಂಡವರು ಕೇವಲ 2,569 ಮಂದಿ.

ಬೆಂಗಳೂರು ಎಫ್‌ಸಿಯಿಂದಾಗಿ ಕನ್ನಡಿಗರಿಗೂ ಪರಿಚಿತರಾದ ಚೆಟ್ರಿ ಮರುದಿನ ವಿಡಿಯೊ ಮೂಲಕ ಮನವಿ ಮಾಡಿದರು. ಟೀಕಿಸಿ, ಬೈಯಿರಿ, ಆದರೆ ಮೈದಾನಕ್ಕೆ ಬನ್ನಿ ಎಂಬುದು ಅದರ ಸಾರಾಂಶ. ಟಿ.ವಿ.ಯಲ್ಲಿ ಯುರೋಪಿನ ಕ್ಲಬ್‌ಗಳ ಆಟವನ್ನಷ್ಟೇ ನೋಡುವವರನ್ನೂ ಅವರು ಕರೆದರು. ಜೂನ್ 4ರಂದು ಕೀನ್ಯಾ ವಿರುದ್ಧ ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯ. ಟಿಕೆಟ್‌ಗಳೆಲ್ಲ ಮಾರಾಟವಾದವು.

ಹಾಗಾದರೆ ಆಟದ ಮಟ್ಟ ಕಡಿಮೆಯೆಂದು ಜನ ಬರುವುದಿಲ್ಲ ಎಂಬ ವಾದ ಎಷ್ಟು ಸರಿ? ಬೋರಗಾಂವದಿಂದ ಗಡಿ ದಾಟಿದರೆ ಸಿಗುವ ಕೊಲ್ಹಾಪುರದಲ್ಲಿ ಇದಕ್ಕೆ ಬೇರೆಯೇ ಉತ್ತರವಿದೆ. ಅಲ್ಲಿ ತಂಡಗಳಿಗೆ ತಾಲೀಮುಗಳ, ಅಂದರೆ ಗರಡಿಮನೆಗಳ ಹೆಸರು: ಪಾಟಾಕಡೀಲ, ದಿಲ್‌ಬಹಾರ್, ಖಂಡೋಬಾ. ಈ ಸ್ಥಳೀಯ ತಂಡಗಳು ಸೆಣಸಿದರೆ ಶಾಹು ಕ್ರೀಡಾಂಗಣಕ್ಕೆ ಸಾವಿರಾರು ಜನ ಬರುತ್ತಾರೆ. ಆಡುವವರು ವಿಶ್ವಖ್ಯಾತರಲ್ಲ, ತಮ್ಮ ಪೇಟೆಯ ಹುಡುಗರು, ಅಷ್ಟೆ.

ದೇಶದ ತಂಡ ಎಲ್ಲರದೂ ಹೌದು. ಆದರೆ ಅದು ವರ್ಷಕ್ಕೆ ಕೆಲವೇ ಸಲ, ಒಮ್ಮೆ ಒಂದೂರಿನಲ್ಲಿ ಆಡುತ್ತದೆ. ಅದಕ್ಕೆ ಸ್ವಂತ ಪೇಟೆಯಿಲ್ಲ. ನಾಯಕನ ಮನವಿ ಒಂದು ಸಂಜೆ ಗ್ಯಾಲರಿ ತುಂಬಿಸಬಲ್ಲದು. ಪ್ರತಿ ಪಂದ್ಯಕ್ಕೂ ಜನ ಬರಬೇಕಾದರೆ ಊರೂರಿನಲ್ಲೂ 'ನಮ್ಮ ತಂಡ' ಬೆಳೆಯಬೇಕು.